ಸೀರೆಯ ಹಿಂದಿನ ಗೋಡೆ

ಅತ್ತೆಯವರು ಸ್ನಾನ ಮಾಡುವಾಗ ನಾನು ಬಚ್ಚಲಿನ ಬಾಗಿಲ ಹೊರಗೆ ಇರುತ್ತಿದ್ದೆ. ಕಾಯುತ್ತಿದ್ದೇನೆಂದು ಅವರಿಗೆ ತಿಳಿಯದ ಹಾಗೆ, ಕೈಯಲ್ಲಿ ಮೆಂತ್ಯದ ಕಟ್ಟನ್ನೋ ಮಡಚಬೇಕಾದ ಟವೆಲನ್ನೋ ಹಿಡಿದುಕೊಂಡು. ಒಳಗಿನಿಂದ ನೀರಿನ ಸದ್ದಿನ ಜೊತೆ ಅವರ ಸ್ತೋತ್ರ ಕೇಳುತ್ತಿತ್ತು. ಸ್ತೋತ್ರ ನಡೆಯುತ್ತಿದ್ದರೆ ಅವರು ನಿಂತಿದ್ದಾರೆ ಎಂದು ನನ್ನ ಲೆಕ್ಕ.

ಆಷಾಢದ ಒಂದು ಬೆಳಿಗ್ಗೆ ಅದು ನಡುವೆ ನಿಂತುಹೋಯಿತು. ನಾನು ಬಾಗಿಲು ತಳ್ಳಿದೆ. ಅವರು ಟಬ್ಬಿನ ಹೊರಗೆ ಒದ್ದೆ ನೆಲದ ಮೇಲೆ ಕೂತಿದ್ದರು, ಮೊಣಕೈ ತರಚಿತ್ತು. ಎಬ್ಬಿಸಲು ಕೈ ಚಾಚಿದೆ.

"ಮುಟ್ಟಬ್ಯಾಡ," ಎಂದರು.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಟಬ್ಬಿನ ಅಂಚು ಹಿಡಿದು, ಮೊಣಕಾಲೂರಿ, ಅವರೇ ಎದ್ದರು. ನಾನು ನೋಡುತ್ತ ನಿಂತಿದ್ದೆ.

ನನ್ನ ಗಂಡ ಪ್ರಾಣೇಶ ಅಂದೇ ತೀರ್ಮಾನ ಹೇಳಿದರು. "ಸಾಕಿನ್ನ ಅವ್ವಾ. ಒಬ್ಬ ಆಯಾನ್ನ ಇಡ್ತೀನಿ. ಆಕೀನ ಸ್ನಾನಾ ಮಾಡಸ್ತಾಳ."

"ಆಮ್ಯಾಲೆ ದೇವರ ಅಡಿಗಿ ಯಾರು ಮಾಡೂದು? ಅದೂ ಆಕೀನ ಏನು?" ಎಂದರು ಅತ್ತೆ.

ಇನ್ನೊಬ್ಬರು ಮೈ ಮುಟ್ಟಿ ಸ್ನಾನ ಮಾಡಿಸಿದರೆ ಮಡಿ ಉಳಿಯುವುದಿಲ್ಲ. ಮಡಿ ಇಲ್ಲದಿದ್ದರೆ ಒಲೆ ಇಲ್ಲ, ನೈವೇದ್ಯ ಇಲ್ಲ. ಅತ್ತೆ ಯಮುನಾಬಾಯಿಯವರ ದಿನದಿಂದ ಅಷ್ಟನ್ನು ತೆಗೆದರೆ ಟಿವಿಯ ಮುಂದಿನ ಒಂದು ಕುರ್ಚಿ ಉಳಿಯುತ್ತದೆ. ಇದು ಪ್ರಾಣೇಶರಿಗೂ ಗೊತ್ತಿತ್ತು. ಅವರು ಹೆದರಿದ್ದರು, ಅಷ್ಟೇ. "ದಸರಾತನಕ ನೋಡ್ರಿ. ಅಷ್ಟರೊಳಗ ಆ ನೆಲಾ ಒಣಗಿಸೂದು ಹೆಂಗ ಅಂತ ನೀವಿಬ್ಬರೂ ಕೂಡಿ ಏನರ ಮಾಡ್ರಿ," ಎಂದರು.

ಹಿಮಾಯತ್‌ನಗರದ ನಮ್ಮ ಮನೆಯ ಕೆಳಗಿನ ಬಚ್ಚಲಿನಲ್ಲಿ ಆ ಟಬ್ಬು ಮೊದಲಿನಿಂದಲೂ ಇತ್ತು. ಮನೆ ಕಟ್ಟಿಸಿದವರಿಗೆ ಏನು ತೋಚಿತ್ತೋ, ತಲೆಯ ಕಡೆ ಒಳಕ್ಕೆ ತೆರೆಯುವ ಕಿಟಕಿ, ಕಾಲಿನ ಕಡೆ ಗೋಡೆ, ನಡುವೆ ಈ ದೊಡ್ಡ ಬಿಳಿ ತೊಟ್ಟಿ. ಮನುಷ್ಯರು ತಿರುಗಲು ಉಳಿದದ್ದು ಒಂದು ಪಟ್ಟಿ ನೆಲ. ನಳದಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ ವರ್ಷಗಳಲ್ಲಿ ನಾವು ಅದರಲ್ಲಿ ನೀರು ತುಂಬಿಡುತ್ತಿದ್ದೆವು. ಬೋರ್‌ವೆಲ್ ಬಂದ ಮೇಲೆ ಪ್ರಾಣೇಶ ಒಂದು ಶವರ್ ಹಾಕಿಸಿದರು. ಅದನ್ನು ಮೆಚ್ಚಿದವರು ಅತ್ತೆಯೊಬ್ಬರೇ. "ತಂಬಿಗಿ ಬ್ಯಾಡ, ಬಕೀಟು ಬ್ಯಾಡ. ಮ್ಯಾಲಿಂದ ಬೀಳ್ತದ, ಯಾರೂ ಮುಟ್ಟಿರಂಗಿಲ್ಲ. ಹೊಳಿ ಇದ್ದಂಗ," ಎನ್ನುತ್ತಿದ್ದರು. ಆದರೆ ಆ ಹೊಳೆಯ ಅರ್ಧ ನೀರು ಹೊರಗಿನ ನೆಲಕ್ಕೇ ಹಾರುತ್ತಿತ್ತು.

ಪ್ಲಾಸ್ಟಿಕ್ ಪರದೆ ಬೇಡವೆಂದರು, ಒದ್ದೆ ಮೈಗೆ ಅಂಟುತ್ತದೆ, ಅದನ್ನು ಮನೆಯವರೆಲ್ಲ ಮುಟ್ಟಿರುತ್ತಾರೆ. ಶವರಿನ ನೀರು ತಲುಪದ ಗೋಡೆಗೆ ಹಾಕಿಸಿದ ಹಿಡಿಯೂ ಅದೇ ಕಾರಣಕ್ಕೆ ವ್ಯರ್ಥವಾಗಿತ್ತು. ಅದರ ಮೂಲೆಯಲ್ಲಿ ಜೇಡ ಬಲೆ ಕಟ್ಟಿದ್ದನ್ನು ನಾನು ದಿನವೂ ನೋಡುತ್ತಿದ್ದೆ. ಕೊನೆಗೆ ಒಪ್ಪಿದ್ದು ಗಾಜನ್ನು. ಟಬ್ಬಿನ ಅಂಚಿನ ಮೇಲೆ ನಿಲ್ಲುವ ಗಾಜಿನ ಮರೆ, ದೂರ ನಿಂತಿರುತ್ತದೆ, ಮೈಗೆ ಬರುವುದಿಲ್ಲ. ನನಗೆ ತಿಳಿಗಾಜು ಬೇಕಿತ್ತು, ಅವರು ಕಾಣಲಿ ಎಂದು. "ನಾ ಏನು ಅಂಗಡ್ಯಾಗಿನ ಮಿಠಾಯಿ ಏನು?" ಎಂದರು. ಕುತ್ತಿಗೆಯತನಕ ಮಂಜುಗಾಜು, ಮೇಲೆ ತಿಳಿ ಎಂದು ರಾಜಿಯಾಯಿತು.

ಬೇಗಂ ಬಜಾರಿನ ಹಿಂದೆ ಗಾಜಿನ ಅಂಗಡಿ ಇಟ್ಟಿದ್ದ ವೈಜನಾಥ ಬೀದರ ಕಡೆಯವನು. ಅಳತೆಗೆ ಬಂದ ದಿನ ಅವನು ಮೊದಲು ನೋಡಿದ್ದು ಕಾಲಿನ ಕಡೆಯ ಗೋಡೆಯನ್ನು, ಎಂದರೆ ಅತ್ತೆಯವರ ಮಡಿ ಸೀರೆಯನ್ನು. ಸೂರಿನ ಹತ್ತಿರದ ಗಳದ ಮೇಲಿಂದ ಅದು ಟಬ್ಬಿನ ಅಂಚಿನತನಕ ಇಳಿಬಿದ್ದಿತ್ತು. ಒಂದನ್ನು ಉಟ್ಟಾಗ ಇನ್ನೊಂದು ಅಲ್ಲಿ ಒಣಗುತ್ತಿರುತ್ತದೆ. ಉಟ್ಟುಕೊಳ್ಳುವಾಗ ಕೋಲಿನಿಂದ ಎಳೆದುಕೊಳ್ಳುತ್ತಾರೆ. ಆ ಗೋಡೆ ಬರಿದಾದದ್ದನ್ನು ನಾವು ಯಾರೂ ನೋಡಿಯೇ ಇರಲಿಲ್ಲ.

"ಇದನ್ನ ಸರಿಸಬೇಕಲ್ರೀ ಅಕ್ಕಾ."

"ಮುಟ್ಟಬ್ಯಾಡ್ರಿ. ಅದು ಮಡೀದು," ಎಂದೆ. ಅತ್ತೆ ಪೂಜೆಗೆ ಕೂತಿದ್ದರು, ಎಬ್ಬಿಸುವಂತಿರಲಿಲ್ಲ. ವೈಜನಾಥ ಸೀರೆಯ ಕೆಳಗೆ ಬಗ್ಗಿ ಅಂಚಿನ ಮಟ್ಟದಲ್ಲಿ ಟೇಪು ಹಿಡಿದ. ಎತ್ತರವನ್ನು ಹೊರಗೆ ನಿಂತು ಅಳೆದ. ಟಬ್ಬು ಸಮವಿದೆಯೇ, ಕಿಟಕಿಯ ಕದ ಗಾಜಿಗೆ ಬಡಿಯುತ್ತದೆಯೇ, ಅಂಚು ಭಾರ ತಡೆಯುತ್ತದೆಯೇ ಎಂದೆಲ್ಲ ನಾನು ಕೇಳಿದೆ. ಎಲ್ಲಕ್ಕೂ ಅವನು ಉತ್ತರ ಕೊಟ್ಟ. ಸೀರೆಯ ವಿಷಯ ಮಾತ್ರ ನಾನು ಕೇಳಲಿಲ್ಲ.

ತೆಲಂಗಾಣ ಹೋರಾಟದ ಬಂದ್‌ಗಳ ನಡುವೆ ಗಾಜು ಬರುವುದು ತಡವಾಯಿತು. ಬಂದಾಗ ನವರಾತ್ರಿ ಮುಗಿಯುತ್ತ ಬಂದಿತ್ತು. ಪ್ರಾಣೇಶ ಕಾಚಿಗೂಡದ ಒಬ್ಬ ಆಯಾಗೆ ಸೋಮವಾರದಿಂದ ಬಾ ಎಂದು ಹೇಳಿಯೂ ಆಗಿತ್ತು. ವೈಜನಾಥ ಮತ್ತು ಇಬ್ಬರು ಆಳುಗಳು ಗಾಜನ್ನು ಒಳಗೆ ತಂದರು. ಈ ಸಲ ಸೀರೆ ಸರಿಸದೆ ಉಪಾಯವಿರಲಿಲ್ಲ. ಅತ್ತೆ ಬಂದು, ಎಲ್ಲರನ್ನೂ ಹೊರಗೆ ನಿಲ್ಲಿಸಿ, ಕೋಲಿನಿಂದ ಸೀರೆಯನ್ನು ಗಳದ ಆ ತುದಿಗೆ ತಳ್ಳಿದರು.

ಗೋಡೆಯಲ್ಲಿ ಎದೆಯೆತ್ತರದಿಂದ ಮೇಲಕ್ಕೆ ಒಂದು ಕಂಬದ ಮೂಲೆ ಮೂರು ಬೆರಳಿನಷ್ಟು ಮುಂದೆ ಚಾಚಿತ್ತು.

ಆಳುಗಳು ಗಾಜನ್ನು ಮೆಲ್ಲಗೆ ನೆಲಕ್ಕಿಳಿಸಿದರು.

"ಇದು ಎಲ್ಲಿಂದ ಬಂತ್ರೀ?" ಎಂದ ವೈಜನಾಥ.

"ಮನಿ ಕಟ್ಟಿದಾಗಿಂದ ಅದ. ನೀ ಕೇಳಲಿಲ್ಲ," ಎಂದರು ಅತ್ತೆ.

"ಹೆಣ್ಣಮಕ್ಕಳ ಸೀರಿ ಹಿಂದ ಏನೈತಿ ಅಂತ ಹೆಂಗ ಕೇಳ್ಲಿ ಬಾಯೋರ? ಮರ್ಯಾದಿ ಅಂಬೋದು ಇರತೈತಲ್ಲ."

ಆಳುಗಳಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಕೆಳಗೆ ಗೋಡೆಗೆ ತಾಗುವಂತೆ ನಿಲ್ಲಿಸಿದರೆ ಗಾಜು ಮೇಲೆ ಕಂಬಕ್ಕೆ ಬಡಿಯುತ್ತಿತ್ತು.

"ಅಲ್ಲಿಷ್ಟು ಕೊಯ್ದರ?" ಎಂದೆ.

"ಭಟ್ಟಿಯೊಳಗ ಗಟ್ಟಿ ಮಾಡಿದ ಗಾಜು ಅಕ್ಕಾ. ಈಗ ಕೊಯ್ದರ ಸಕ್ಕರಿ ಆದಂಗ ಪುಡಿ ಆಗತೈತಿ. ಹೊಸಾದು ಮಾಡ್ಸಬೇಕು. ಬಂದ್ ಇಲ್ಲಂದ್ರ ದೀಪಾವಳಿಗೆ."

ಪ್ರಾಣೇಶ ಬಾಗಿಲಲ್ಲಿ ನಿಂತಿದ್ದರು. ಸಿಟ್ಟಿನಿಂದ ಹೇಳಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. "ಹೋಗ್ಲಿ ಬಿಡು ಸುಹಾಸಿನಿ. ಸೋಮವಾರ ಆಕಿ ಬರ್ತಾಳ."

ಅತ್ತೆ ಕೋಲಿನಿಂದ ಸೀರೆಯ ಮಡಿಕೆಗಳನ್ನು ಸರಿಮಾಡುತ್ತಿದ್ದರು. ಸರಿಯಾದ ಮೇಲೂ ಮಾಡುತ್ತಲೇ ಇದ್ದರು.

"ಗ್ವಾಡಿ ಹಿಡಕೊಳ್ಳದಿದ್ರ, ಗಾಜು ಬ್ಯಾರೆ ಯಾವುದನ್ನೂ ಹಿಡಕೊಳ್ಳೂದಿಲ್ಲೇನು?" ಎಂದು ಕೇಳಿದೆ. ನನ್ನ ದನಿ ಸಣ್ಣದಾಗಿತ್ತು. ಎರಡನೇ ಸಲ ಕೇಳಬೇಕಾಯಿತು.

ವೈಜನಾಥ ಗಾಜನ್ನೂ ಸೂರನ್ನೂ ನೋಡಿದ. ಅಂಗಡಿಯಲ್ಲಿ ಶೋಕೇಸಿಗೆ ಹಾಕುವ ಸ್ಟೀಲಿನ ಕಂಬಗಳಿದ್ದವು. ಟಬ್ಬಿನ ಅಂಚಿನಿಂದ ಸೂರಿನತನಕ ಒಂದನ್ನು ನಿಲ್ಲಿಸಿ, ಗಾಜಿನ ಹೊರತುದಿಯನ್ನು ಅದಕ್ಕೆ ಕಚ್ಚಿಸಿ, ಗೋಡೆಯ ಕಡೆಯ ಸಂದಿಗೆ ರಬ್ಬರ್ ಪಟ್ಟಿ ಹಾಕಬಹುದು ಎಂದ. "ಆದ್ರ ಕಂಬ ಬಾಯೋರು ಇಳಿಯೂ ಜಾಗದಾಗ ಬರತೈತಿ. ಅಡ್ಡ ಆಗತೈತಿ ನೋಡ್ರಿ."

ಸಂಜೆಯೊಳಗೆ ನಿಲ್ಲಿಸಿಯೂ ಬಿಟ್ಟ. ಅತ್ತೆ ಬಂದು ಕಂಬವನ್ನು ಮೇಲಿಂದ ಕೆಳತನಕ ನೋಡಿದರು.

"ಇದನ್ನ ಯಾರ‍್ಯಾರು ಮುಟ್ಟೀರಿ?"

"ಮುಟ್ಟಲಾರದ ಕೂಡ್ಸೂ ವಿದ್ಯಾ ನಾ ಕಲ್ತಿಲ್ರೀ ಬಾಯೋರ."

ಆ ಹಿಡಿಯಂತೆ ಈ ಕಂಬಕ್ಕೂ ಜೇಡ ಬರುತ್ತದೆ ಎಂದುಕೊಂಡೆ. ಅತ್ತೆ ಕೋಲು ಎತ್ತಿ ಶವರಿನ ತಲೆಯನ್ನು ಮೆಲ್ಲಗೆ ತಿವಿದರು. ಅದು ಕಂಬದ ಕಡೆ ತಿರುಗಿತು. ಮತ್ತೆ ತಿವಿದರು. ನಡುವಿಗೆ ಬಂತು.

"ಇದೂ ಟಬ್ಬಿನ ಒಳಗ ಅದ," ಎಂದರು ತಮಗೇ ಹೇಳಿಕೊಳ್ಳುವಂತೆ. "ನೀರು ಬೀಳ್ತದ."

ಮರುದಿನ ಬೆಳಿಗ್ಗೆ ನಾನು ಟವೆಲು ಹಿಡಿದು ಬಾಗಿಲ ಹೊರಗೆ ನಿಂತೆ. ನೀರು ಬಿಟ್ಟ ಸದ್ದು ಬಂತು. ಆದರೆ ಸ್ತೋತ್ರ ಶುರುವಾಗಲಿಲ್ಲ. ನೀರು ಲೋಹದ ಮೇಲೆ ಬೀಳುವ ಸದ್ದು ಬೇರೆ, ಮೈಮೇಲೆ ಬೀಳುವ ಸದ್ದು ಬೇರೆ. ಕಂಬಕ್ಕೆ ಮೊದಲು ಸ್ನಾನವಾಗುತ್ತಿತ್ತು. ಆಮೇಲೆ ಕೋಲು ತಾಗಿದ ಸಣ್ಣ ಸದ್ದು, ಆಮೇಲೆ ಸ್ತೋತ್ರ.

ನೀರು ನಿಂತಿತು. ಸ್ತೋತ್ರವೂ ನಿಂತಿತು. ಅದು ಟಬ್ಬಿನಿಂದ ಇಳಿಯುವ ಹೊತ್ತು. ನನ್ನ ಕೈ ಬಾಗಿಲಿನ ಮೇಲಿತ್ತು. ಕಂಬ ಅವರ ಭಾರಕ್ಕೆ ಒಮ್ಮೆ ಕಿರ್ ಎಂದಿತು. ಒಂದು ಪಾದ ಒಣ ನೆಲಕ್ಕೆ ಬಂದ ಸದ್ದು, ಇನ್ನೊಂದು. ಬಿಟ್ಟಲ್ಲಿಂದ ಸ್ತೋತ್ರ ಮತ್ತೆ ಶುರುವಾಯಿತು. ಮುಗಿಯುವ ಮೊದಲೇ ಅವರು ಕೂಗಿದರು.

"ಅಲ್ಲೇ ನಿಂತೀಯಲ್ಲ, ಸರಿ ಆಚೆ. ನಾ ಮಡೀಲೆ ಬರ್ಲಿಕತ್ತೀನಿ. ಮೈಮ್ಯಾಲೆ ಬಿದ್ದೀ ಮತ್ತ."

ನಾನು ಗೋಡೆಗೆ ಒತ್ತಿ ನಿಂತೆ. ಅವರು ನನ್ನ ನೆರಳೂ ತಾಗದ ಹಾಗೆ ದಾಟಿ ಅಡಿಗೆಮನೆಗೆ ಹೋದರು. ಪ್ರಾಣೇಶ ಪೇಪರಿನ ಮೇಲಿಂದ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಎದ್ದು, ಬರುವುದು ಬೇಡವೆಂದು ಕಾಚಿಗೂಡದ ಆಯಾಗೆ ಫೋನ್ ಮಾಡಿದರು.

ಬಚ್ಚಲಿಗೆ ಹೋಗಿ ನೋಡಿದೆ. ನೆಲ ಒಣಗಿತ್ತು. ಕಂಬದ ಮೇಲೆ, ಅವರು ಸೋಪಿನ ಬದಲು ಮೈಗೆ ಹಚ್ಚಿಕೊಳ್ಳುವ ಕಡಲೆಹಿಟ್ಟಿನ ಐದು ಬೆರಳು ಮೂಡಿದ್ದವು. ಒರೆಸಲು ಟವೆಲು ಎತ್ತಿದವಳು ಹಾಗೇ ಬಿಟ್ಟು ಬಂದೆ.