ಹಜಾರದ ಹನ್ನೆರಡನೇ ಸ್ವಿಚ್ಚು

ಸ್ವಿಚ್ಚಿಗೆ ನಲವತ್ತು, ಅದು ಕೂರುವ ಡಬ್ಬಕ್ಕೆ ಮೂವತ್ತು, ಪೈಪು ವೈರು ಸೇರಿ ನೂರ ಮೂವತ್ತು, ಗೋಡೆ ಕೊರೆಯಲು ಅರ್ಧ ದಿನದ ಕೂಲಿ ಆರು ನೂರು. ಒಟ್ಟು ಎಂಟು ನೂರು. ಗಾರೆ ಮೆತ್ತುವ ಮೊದಲಾದರೆ ಇಷ್ಟು. ಬಣ್ಣ ಬಳಿದ ಮೇಲೆ ಇದರ ಮೂರು ಪಟ್ಟು. ಈ ಲೆಕ್ಕವನ್ನು ನಮ್ಮವರಿಗೆ ಬಾಯಿಪಾಠವಾಗುವಷ್ಟು ಸಲ ಹೇಳಿದ್ದೆ. ಹೊಸ ಮನೆಗೆ ನಾನು ಕೇಳಿದ್ದು ಅದೊಂದೇ: ಅಡುಗೆಮನೆಯ ದೀಪದ ಸ್ವಿಚ್ಚು ಅಡುಗೆಮನೆಯ ಒಳಗಿರಲಿ.

ಬಾಡಿಗೆ ಮನೆಯಲ್ಲಿ ಅದು ಹೊರಗೆ, ಹಜಾರದ ಗೋಡೆಯಲ್ಲಿತ್ತು. ಹಾದುಹೋಗುವಾಗ ನಮ್ಮವರೂ ಅತ್ತೆಯೂ ಅದಕ್ಕೊಂದು ಏಟು ಕೊಟ್ಟು ದೀಪ ಆರಿಸಿಯೇ ಹೋಗುತ್ತಿದ್ದರು. ನಾನು ಕೂಗಿದರೆ, "ಓ, ಒಳಗಿದ್ಯಾ?" ಎಂದು ಮತ್ತೆ ಹಾಕುತ್ತಿದ್ದರು. ಒಳಗಿರದೆ ಇನ್ನೆಲ್ಲಿಗೆ ಹೋಗಲಿ? ಇಪ್ಪತ್ತೆರಡು ವರ್ಷ ಇದೇ ಪ್ರಶ್ನೆ. ಕಳೆದ ವರ್ಷ ಕುದಿಯುವ ನೀರಿನ ಪಾತ್ರೆ ಇಳಿಸುತ್ತಿದ್ದಾಗ ದೀಪ ಹೋಯಿತು. ಎಡಪಾದದ ಚರ್ಮ ಎದ್ದುಬಂತು. ಮೂರು ವಾರ ಚಪ್ಪಲಿ ಮೆಟ್ಟಲಾಗಲಿಲ್ಲ. "ಒಂದು ಕೂಗು ಹಾಕ್ಬೇಕಿತ್ತು ನೀನು" ಎಂದರು ನಮ್ಮವರು. ಕೂಗಿದ್ದು ಇಡೀ ಬೀದಿಗೆ ಕೇಳಿಸಿತ್ತು.

ಅವರದು ಉಗ್ರಾಣದ ಉಸ್ತುವಾರಿ. ಸರಕು ತುಂಬಿದ ಏಳು ಕೋಣೆ, ಹೊರಬಾಗಿಲ ಬಳಿ ಎಲ್ಲ ದೀಪಗಳಿಗೂ ಒಂದೇ ಸ್ವಿಚ್ಚಿನ ಹಲಗೆ. ಸಂಜೆ ಟಪಟಪನೆ ಎಲ್ಲವನ್ನೂ ಆರಿಸಿ ಬೀಗ ಜಡಿಯುವುದು ಅವರ ದಿನದ ದೊಡ್ಡ ಸುಖ. ಒಳಗೆ ಉಳಿದಿರುವುದು ಪೆಟ್ಟಿಗೆಗಳು. ಅವಕ್ಕೆ ಕತ್ತಲಾದರೇನು, ಬೆಳಕಾದರೇನು.

ಎಲೆಕ್ಟ್ರಿಷಿಯನ್ ವಯಸ್ಸಾದವನು, ಕೆಲಸ ಬಲ್ಲವನು. ಗೋಡೆ ಇನ್ನೂ ಬರೀ ಇಟ್ಟಿಗೆಯಾಗಿದ್ದಾಗ ನನ್ನನ್ನು ಕರೆಸಿಕೊಂಡ. ಎರಡು ಕೈಗೂ ಇಟ್ಟಿಗೆ ಕೊಟ್ಟು, "ಅಕ್ಕ, ಪಾತ್ರೆ ಹಿಡ್ಕೊಂಡಿದ್ದೀರಿ ಅಂದ್ಕೊಳ್ಳಿ. ಒಳಗೆ ನಡೀರಿ" ಎಂದ. ನಡೆದೆ. ಬಾಗಿಲು ದಾಟಿದ ಕೂಡಲೆ ಬಲಗಡೆ ನನ್ನ ಮೊಣಕೈ ತಾಗಿದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ. "ಕೈ ತುಂಬ ಇದ್ದಾಗ ಮೊಣಕೈಗೆ ಸಿಗ್ಬೇಕು. ಆಗ್ಲೇ ಅದು ಸ್ವಿಚ್ಚು." ಅವತ್ತು ಮನೆಗೆ ಬಂದು ಹಾಡು ಗುನುಗಿದೆ ಎಂದರೆ ನಗಬೇಡಿ.

ಮುಂದಿನ ಸಲ ಹೋದಾಗ ಗಾರೆ ಮುಗಿದು ಬಣ್ಣವೂ ಆಗಿತ್ತು. ಬಾಗಿಲ ಬಲಕ್ಕೆ ಬೋಳು ಗೋಡೆ. ಹಜಾರದಲ್ಲಿ, ನಮ್ಮವರ ಕುರ್ಚಿಗೆಂದು ಗೊತ್ತುಮಾಡಿದ ಜಾಗದ ಪಕ್ಕದಲ್ಲಿ, ಹನ್ನೆರಡು ಸ್ವಿಚ್ಚುಗಳ ಒಂದೇ ಹಲಗೆ.

"ಎಷ್ಟು ಲಕ್ಷಣವಾಗಿದೆ ನೋಡು" ಎಂದರು ನಮ್ಮವರು.

"ಅಡುಗೆಮನೇದು ಯಾವುದು?"

"ಕೊನೇದು. ಕೆಳಗಡೆ ಮೂಲೇಲಿ."

ನಾನು ಎಲೆಕ್ಟ್ರಿಷಿಯನ್ ಕಡೆ ತಿರುಗಿದೆ. ಅವನು ತಲೆ ಕೆರೆದುಕೊಂಡ. "ನೀವೇ ಒಪ್ಪಿದ್ದೀರಿ ಅಂತ ಹೇಳಿದ್ರು ಸಾಹೇಬ್ರು."

"ನಾನು ಯಾವಾಗ ಒಪ್ಪಿದೆ ರೀ?"

"ಈಗ ಒಪ್ಕೊ. ಬಣ್ಣ ಆಗಿದೆ."

ಮರೆತಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಮರೆತಿರಲಿಲ್ಲ. ನನ್ನ ಹೆಸರಿನಲ್ಲಿ ಸುಳ್ಳು ಹೇಳಿ ನನ್ನ ಗುರುತಿನ ಮೇಲೆ ಗಾರೆ ಮೆತ್ತಿಸಿದ್ದರು.

ಅತ್ತೆ ಅಲ್ಲೇ ಇದ್ದರು. "ಒಂದು ಸ್ವಿಚ್ಚಿಗೆ ಇಷ್ಟು ಮುಖ ಊದಿಸ್ಕೋತಾರಾ? ನಾನೂ ಕತ್ತಲಲ್ಲಿ ಬೇಯಿಸಿ ಹಾಕಿದ್ದೀನಿ."

"ಹಾಕಿದ್ರಿ ಅತ್ತೆ. ಅದಕ್ಕೆ ಯಾರಾದ್ರೂ ಮೆಡಲ್ ಕೊಟ್ರಾ?"

ಆಮೇಲೆ ಆ ದಿನ ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನೂ ಇನ್ನೊಂದು ಮಾತು ಆಡಲಿಲ್ಲ. ನಮ್ಮವರು ಗೆದ್ದೆನೆಂದುಕೊಂಡರು.

ಭಾನುವಾರ ಸಾಮಾನು ಬಂತು. ಟೀವಿ ಇಡಲೆಂದು ತಂದಿದ್ದ ಮೇಜನ್ನು ಹಜಾರದ ಆ ಹಲಗೆಯ ಕೆಳಗೆ ಎಳೆದು, ಅದರ ಮೇಲೆ ಒಲೆ ಇಟ್ಟೆ. ಸಿಲಿಂಡರನ್ನು ನಮ್ಮವರ ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿದೆ.

"ಏನಿದು?" ಎಂದರು.

"ಅಡುಗೆಮನೆ. ಸ್ವಿಚ್ಚು ಎಲ್ಲಿದ್ಯೋ ಒಲೇನೂ ಅಲ್ಲೇ."

"ಹುಚ್ಚು ಹಿಡೀತಾ?"

"ಹಿಡೀತು. ಕಾಲು ಸ್ವಲ್ಪ ಆ ಕಡೆ ಇಟ್ಕೊಳ್ಳಿ, ಎಣ್ಣೆ ಸಿಡಿಯುತ್ತೆ."

ಮೂರು ದಿನ ಅಲ್ಲೇ ಬೇಯಿಸಿದೆ. ಈರುಳ್ಳಿ ಘಾಟಿಗೆ ನಮ್ಮವರು ಪೇಪರು ಮುಚ್ಚಿಕೊಂಡು ಕಣ್ಣೊರೆಸಿಕೊಂಡರು. ಹೊಸ ಬಣ್ಣದ ಮೇಲೆ ಎಣ್ಣೆಯ ಚುಕ್ಕೆಗಳೆದ್ದವು. ಒರೆಸಲಿಲ್ಲ. ನಾಲ್ಕನೇ ದಿನ ಉಗ್ರಾಣದ ಇಬ್ಬರು ಸಹೋದ್ಯೋಗಿಗಳು ಮನೆ ನೋಡಲು ಬಂದರು. ಒಲೆ ಕಂಡು ಒಬ್ಬರು, "ಅಡುಗೆಮನೆ ಇನ್ನೂ ಕಟ್ಟಿಲ್ವಾ?" ಎಂದು ಕೇಳಿದರು. "ಕಟ್ಟಿದೆ" ಎಂದೆ ನಾನು. "ಅದರ ಸ್ವಿಚ್ಚು ಇವರ ಹತ್ರ ಇದೆ, ಅದಕ್ಕೆ ನಾನೂ ಇವರ ಹತ್ರಾನೇ ಇದ್ದೀನಿ." ಅವರು ಕಾಫಿಯನ್ನು ಬೇಗ ಬೇಗ ಕುಡಿದು ಎದ್ದರು.

ಮಾರನೆಯ ಬೆಳಗ್ಗೆ ನಮ್ಮವರೇ ಎಲೆಕ್ಟ್ರಿಷಿಯನ್ನನ್ನು ಕರೆಸಿದರು.

"ಎರಡು ಕಡೆನೂ ಇರ್ಲಿ" ಎಂದರು. "ಒಳಗೊಂದು, ಹೊರಗೊಂದು. ಯಾವುದರಲ್ಲಿ ಬೇಕಾದ್ರೂ ಹಾಕ್ಬಹುದು, ಆರಿಸ್ಬಹುದು. ಸಮಾಧಾನ ಆಯ್ತಾ?"

"ಆಗುತ್ತೆ ಅಕ್ಕ, ತುಂಬ ಮನೆಗಳಲ್ಲಿ ಮಾಡ್ತೀವಿ" ಎಂದ ಎಲೆಕ್ಟ್ರಿಷಿಯನ್.

"ಪಾಪ, ಎಷ್ಟು ತಗ್ಗಿ ಬಂದಿದ್ದಾನೆ" ಎಂದರು ಅತ್ತೆ.

ನಾನೂ ಇನ್ನೇನು ಹೂಂ ಎನ್ನುವುದರಲ್ಲಿದ್ದೆ. ಆದರೆ ಮಾತಾಡುತ್ತಲೇ ನಮ್ಮವರ ಬೆರಳು ಆ ಹನ್ನೆರಡನೇ ಸ್ವಿಚ್ಚಿನ ಮೇಲೆ ಆಡುತ್ತಿತ್ತು. ಹಾಕುವುದು, ಆರಿಸುವುದು. ಹಾಕುವುದು, ಆರಿಸುವುದು.

"ಹೊರಗಿನದು ಯಾಕೆ?" ಎಂದೆ.

"ಇರ್ಲಿ, ಬೇಕಾಗುತ್ತೆ."

"ಯಾರಿಗೆ?"

ಅವರು ಸ್ವಿಚ್ಚನ್ನು ಮತ್ತೊಮ್ಮೆ ಒತ್ತಿದರು.

"ನೋಡಿ, ದೀಪ ಹಾಕೋಕೆ ನನಗೆ ಇನ್ನೊಂದು ಜಾಗ ಬೇಕು ಅಂತಲ್ಲ ನಾನು ಕೇಳಿದ್ದು. ಹೊರಗೆ ನಿಂತು ಆರಿಸೋಕೆ ಯಾರಿಗೂ ಜಾಗ ಇರಬಾರದು."

"ನನ್ನ ಮನೇಲಿ ನಾನು ಒಂದು ದೀಪ ಆರಿಸೋ ಹಾಗಿಲ್ವಾ?"

"ಆರಿಸಿ. ಒಳಗೆ ಬಂದು, ನಾನಿದ್ದೀನಾ ಅಂತ ನೋಡಿ, ಆಮೇಲೆ ಆರಿಸಿ."

ಅವರು ಚಪ್ಪಲಿ ಮೆಟ್ಟಿ ಉಗ್ರಾಣಕ್ಕೆ ಹೊರಟೇಬಿಟ್ಟರು. ತಿಂಡಿಯನ್ನೂ ಮುಟ್ಟಲಿಲ್ಲ. ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಎಲೆಕ್ಟ್ರಿಷಿಯನ್ ಉಳಿ ಕೈಯಲ್ಲಿ ಹಿಡಿದು ನಿಂತೇ ಇದ್ದ.

"ತಪ್ಪು ನಂದೂ ಇದೆ ಅಕ್ಕ" ಎಂದ. "ಗುರುತು ಹಾಕಿದ್ದು ನಿಮ್ಮನ್ನ ನಡೆಸಿ. ಬಿಟ್ಟಿದ್ದು ನಿಮ್ಮನ್ನ ಕೇಳದೆ."

"ಹೌದು, ಇದೆ" ಎಂದೆ. ಇಲ್ಲ ಎಂದು ಸಮಾಧಾನ ಹೇಳುವ ಮನಸ್ಸು ನನಗಿರಲಿಲ್ಲ. ಆದರೂ ತಿಂಡಿಯ ತಟ್ಟೆ ಅವನ ಮುಂದಿಟ್ಟೆ. ತಿಂದು, ಕೊರೆಯಲು ಶುರುಮಾಡಿದ.

ಸಂಜೆಯೊಳಗೆ ಸ್ವಿಚ್ಚು ಒಳಗೆ ಬಂತು, ಅದರ ಹಿಂದೆಯೇ ಒಲೆಯೂ. ಹಜಾರದ ಹಲಗೆಯಲ್ಲಿ ಹನ್ನೊಂದು ಉಳಿದವು. ಹನ್ನೆರಡನೆಯದರ ತೂತಿಗೆ ಖಾಲಿ ಮುಚ್ಚಳ ಹಾಕಿಸಿದೆ. ಗೋಡೆಗೆ ಹಚ್ಚಿದ ತೇಪೆಯ ಬಣ್ಣ ಈಗಲೂ ಹೊಂದಿಲ್ಲ. ನಮ್ಮವರು ಒಂದೂವರೆ ತಿಂಗಳು ಮಾತು ಬಿಟ್ಟರು. ಈಗ ಆಡುತ್ತಾರೆ, ಬೇಕಾದಷ್ಟು ಮಾತ್ರ. ಮೊದಲಿನ ಸಲಿಗೆ ಹೋಯಿತು, ಅದು ತಿರುಗಿ ಬರುವಂತೆ ಕಾಣುವುದಿಲ್ಲ. ನಾನು ಒಳಗಿರುವಾಗ ಅಡುಗೆಮನೆಯ ದೀಪ ಆಮೇಲೆ ಒಂದು ದಿನವೂ ಆರಿಲ್ಲ.