ನೋಡಿ ಚುಚ್ಚುವ ಸೂಜಿ

ಹನಗೋಡಿನ ಕಂಠಪ್ಪನ ಮಗಳು ಸರ್ವಮಂಗಳಳ ಕೆಮ್ಮಿಗೆ ಎಂಟು ಸಂತೆ ತುಂಬಿತ್ತು. ವಾರದ ಸಂತೆಗೊಮ್ಮೆ ಹುಚ್ಚಯ್ಯನೆಂಬ ಸೂಜಿಮದ್ದಿನವನು ಅವಳ ತೋಳಿಗೆ ಚುಚ್ಚುತ್ತಿದ್ದ. ಎಂಟನೆಯದು ಕೀವಾಯಿತು. ಅದೇ ವಾರ ಕಫದಲ್ಲಿ ರಕ್ತ ಕಂಡಿತು.

ತಾಯಿ ಗುರುಶಾಂತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಊರಿನ ನರ್ಸ್ ಪ್ರೇಮಮ್ಮನ ಜೊತೆ ಮಗಳನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದು ತೋರಿಸಿದಳು. ಡಾಕ್ಟರು ಕ್ಷಯ ಅಂದರು. ಮಂಗಳವಾರ ಬನ್ನಿ, ಎದೆಗೆ ಸೂಜಿ ಹಾಕಿ ಗಾಳಿ ಬಿಡುತ್ತೇವೆ ಅಂದರು.

ಊರಿಗೆ ಮರಳಿ ಇದನ್ನು ಹೇಳಿದಾಗ ಕಂಠಪ್ಪ ಜಗಲಿ ಬಿಟ್ಟು ಏಳಲಿಲ್ಲ. "ತೋಳಿಗೆ ಹಾಕ್ಸಿದ್ದಕ್ಕೇ ಈ ಗತಿ. ಇನ್ನು ಎದೆಗಾ? ನಾ ಕಳ್ಸಾಕಿಲ್ಲ ಕಣಮ್ಮ."

"ಇದು ಕುರುಡು ಸೂಜಿಯಲ್ಲ ಕಣ್ರೀ ಯಜಮಾನ್ರೇ," ಅಂದಳು ಪ್ರೇಮಮ್ಮ. "ಕತ್ತಲೆ ಕೋಣೇಲಿ ಎಕ್ಸ್‌ರೇ ಹಾಯಿಸಿದ್ರೆ ಪಕ್ಕೆಲುಬು, ಶ್ವಾಸಕೋಶ ಎಲ್ಲಾ ಪರದೆ ಮೇಲೆ ಕಾಣ್ತವೆ. ಹುಣ್ಣೆಲ್ಲಿದೆ, ಸೂಜಿಗೆ ಜಾಗ ಎಲ್ಲಿದೆ ಅಂತ ನೋಡ್ಕೊಂಡೇ ಚುಚ್ತಾರೆ. ಪಕ್ಕೆಲುಬಿಗೂ ಶ್ವಾಸಕೋಶಕ್ಕೂ ನಡುವೆ ಬಿಟ್ಟ ಗಾಳಿ ಒತ್ತಿದ್ರೆ ಹುಣ್ಣಿರೋ ಶ್ವಾಸಕೋಶ ಮುದುಡಿ ಮಲಗುತ್ತೆ, ಉಸಿರಾಟಕ್ಕೆ ಇನ್ನೊಂದಿರುತ್ತೆ. ಹುಣ್ಣು ಮಾಯೋಕೆ ಬಿಡುವು ಸಿಗುತ್ತೆ. ಆ ಗಾಳಿ ಇಂಗ್ತಾ ಹೋಗುತ್ತೆ, ಅದಕ್ಕೆ ವಾರವಾರ ಪರದೇಲಿ ನೋಡಿ ಮತ್ತೆ ಹಾಕ್ತಾರೆ."

"ನೋಡಿದ್ರೇನು, ಬುಟ್ರೇನು? ಸೂಜಿ ಸೂಜೀನೇ."

ಊರಿನ ಹೋರಿಕರುಗಳಿಗೆಲ್ಲ ಮೂಗುದಾರಕ್ಕೆ ಮೂಗು ಚುಚ್ಚುವವನು ಇದೇ ಕಂಠಪ್ಪ. ಗುರುಶಾಂತಮ್ಮ ಒಳಗಿಂದ ಬಂದು ನಿಂತಳು.

"ಮಹದೇವಪ್ಪನ ಹೋರಿಗೆ ಎಂಗೆ ಚುಚ್ಚಿದ್ರಿ?"

"ಬಿಸಿಲಿಗೆ ಮೂತಿ ತಿರುಗ್ಸಿ, ಬೆರಳಾಡ್ಸಿ, ತೆಳು ಜಾಗ ಹುಡುಕಿ ಚುಚ್ಚಿದೆ. ತಪ್ಪಿದ್ರೆ ಹೋರಿ ಕೆಟ್ಟೋಯ್ತದೆ."

"ಕಣ್ಮುಚ್ಕೊಂಡು ಯಾಕೆ ಚುಚ್ಚಲಿಲ್ಲ?"

"ನಂಗೇನು ಹುಚ್ಚಾ?"

"ಮಗಳನ್ನ ಮಾತ್ರ ಹುಚ್ಚಯ್ಯನ ಮುಂದೆ ನಿಲ್ಲಿಸ್ಬೋದು." ಅವಳು ಹುಚ್ಚಯ್ಯನ ಮೂಗುದನಿಯನ್ನೇ ತೆಗೆದಳು. "'ಜ್ವರವಾ? ತೋಳು ತನ್ನಿ. ಕೆಮ್ಮಾ? ತೋಳು ತನ್ನಿ. ಹಲ್ನೋವಾ? ತೋಳು ತನ್ನಿ.' ಸಂತೆಗೆಲ್ಲಾ ಒಂದೇ ಸೂಜಿ. ಕುದಿಸಿದ್ದು ಯಾರು ಕಂಡವ್ರೆ? ಅವಳ ಎದೆಗೆ ಒಂದಿನ ಕಿವಿ ಇಟ್ನಾ? ನಾನೂ ಪಕ್ಕದಲ್ಲೇ ನಿಂತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ಒಳಗೆ ಸರ್ವಮಂಗಳ ಕೆಮ್ಮಿದಳು. ಕಂಠಪ್ಪ ಸೂರಿಗೆ ಸಿಕ್ಕಿಸಿದ್ದ ತನ್ನ ಮೂಗು ಚುಚ್ಚುವ ದಬ್ಬಳವನ್ನು ನೋಡಿದ. ಆಮೇಲೆ ಎದ್ದ.

"ಮಂಗಳವಾರ ಹುಣಸೂರಿಗೆ ಗಾಡಿ ಕಟ್ತೀನಿ. ಅಲ್ಲಿಂದ ಮೋಟಾರು. ಆ ಪರದೆ ನಂಗೂ ತೋರ್ಸ್ತಾರಾ?"

"ಡಾಕ್ಟ್ರಿಗೆ ಕಂಡ್ರೆ ಸಾಕು ಬನ್ನಿ," ಎಂದು ಪ್ರೇಮಮ್ಮ ನಕ್ಕಳು.

ಸರ್ವಮಂಗಳ ಒಂದು ವಾರವೂ ತಪ್ಪಿಸದೆ ಗಾಳಿ ಹಾಕಿಸಿಕೊಂಡಳು. ರಕ್ತ ನಿಂತಿದೆ, ಮೈ ತುಂಬಿಕೊಳ್ಳುತ್ತಿದೆ. ತೋಳಿನ ಕಲೆ ಮಾತ್ರ ಹೋಗಿಲ್ಲ.

ತಾಯಂದಿರೇ, ಅಣ್ಣಂದಿರೇ, ಬಿಡದ ಕೆಮ್ಮನ್ನು ಸಂತೆಗೆ ಒಯ್ಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ಸೂಜಿ ಎತ್ತಿದವನನ್ನು ತಡೆದು ಕೇಳಿ: ರೋಗ ನೋಡಿದೆಯಾ, ಸೂಜಿ ಕುದಿಸಿದೆಯಾ? ಹೋರಿಯ ಮೂಗಿಗೆ ಕೊಡುವ ಮರ್ಯಾದೆಯನ್ನು ನಿಮ್ಮ ಮಕ್ಕಳ ಮೈಗೂ ಕೊಡಿ.