ಕಾರು ಕುಡಿಯುವ ಅಕ್ಕಿಯ ಗದ್ದೆ

೧
ಎಲ್ಲಿಂದ ಶುರುಮಾಡಲಿ? ಮೀಥೇನ್ ಎಂಬ ಪದದಿಂದ ಶುರುಮಾಡಿದರೆ ನೀವು ಪುಟ ಮಗುಚುತ್ತೀರಿ. ನಾನಾದರೂ ಅದನ್ನೇ ಮಾಡುತ್ತಿದ್ದೆ. (ಮೊದಲ ಡ್ರಾಫ್ಟಿನಲ್ಲಿ ಭೂಮಿ ಬಿಸಿಯಾಗುವ ಬಗ್ಗೆ ಉದ್ದನೆಯ ಭಾಷಣವಿತ್ತು. ನನಗೇ ಆಕಳಿಕೆ ಬಂತು, ಹರಿದೆ.)

೨
ಸರಿ, ಗದ್ದೆಯಿಂದ. ಜಪಾನಿನ ನೀಗಾತದ ನಮ್ಮೂರಿನಲ್ಲಿ, ನನ್ನ ಮನೆಯ ಹಿಂದೆಯೇ, ಕಿಯೊನೊ ಮತ್ತು ಅವಳ ಗಂಡ ತೊಕುಜಿಯ ಗದ್ದೆ. ಬೆಳೆಯುವುದು ತಿನ್ನುವ ಭತ್ತವಲ್ಲ. ಕಾರ್ಖಾನೆಯವರು ಅದನ್ನು ಭಟ್ಟಿ ಇಳಿಸಿ ಪೆಟ್ರೋಲಿಗೆ ಬೆರೆಸುತ್ತಾರೆ. ಗಾಳಿ ಕೆಡದಿರಲಿ ಎಂದು ಮಾಡುವ ಇಂಧನ. ಆದರೆ ನೀರು ನಿಂತ ಗದ್ದೆಯ ಕೆಸರೇ ಗುಳುಗುಳು ಎಂದು ಮೀಥೇನ್ ಅನಿಲ ಬಿಡುತ್ತದೆ, ಅದೂ ಭೂಮಿಯನ್ನು ಕಾಯಿಸುತ್ತದೆ. ಹಾಗಾಗಿ ಈ ವರ್ಷ ಕಾರ್ಖಾನೆಯ ಹೊಸ ಕಟ್ಟಳೆ: ಜೂನ್ ಮುಗಿಯುವುದರೊಳಗೆ ನೀರು ಬಸಿದು, ನೆಲ ಬಿರುಕು ಬಿಡುವವರೆಗೆ ಒಣಗಿಸಬೇಕು. ಇಲ್ಲದಿದ್ದರೆ ಭತ್ತ ಬೇಡ. ಅವರು ಬೇಡವೆಂದರೆ ಗದ್ದೆಯನ್ನು ಕಳೆಗೆ ಬಿಟ್ಟುಬಿಡುತ್ತೇನೆ ಎಂದು ತೊಕುಜಿ ಹೇಳಿಯಾಗಿದೆ.

(ಅಬ್ಬ, ವಿವರಣೆ ಮುಗಿಯಿತು. ಇನ್ನೂ ಇದ್ದೀರಾ?)

೩
ನೀರು ಬಸಿಯಲು ತೂಬಿನ ಹಲಗೆಗೆ ಕೈ ಹಾಕಿದ ತೊಕುಜಿಯನ್ನು ಕಿಯೊನೊ ತಡೆದಳು.

"ತಡೀರಿ. ಗೊದಮೊಟ್ಟೆಗೆ ಇನ್ನೂ ಕಾಲು ಬಂದಿಲ್ಲ."

"ಕಪ್ಪೆ ಸಾಕೋಕೆ ಗದ್ದೆ ಮಾಡಿದೀವೇನೆ?"

"ಮತ್ಯಾರನ್ನ ಸಾಕ್ತಿದೀವಿ? ಈ ಅಕ್ಕಿನ ನಾನು ತಿನ್ನಲ್ಲ, ನೀವು ತಿನ್ನಲ್ಲ. ನಿಮ್ಮಮ್ಮನ ಪಟದ ಮುಂದೆ ಒಂದು ಬಟ್ಟಲು ಇಡೋಕೂ ಮನಸ್ಸು ಬರಲ್ಲ. ಕಪ್ಪೆನಾದ್ರೂ ಬದುಕ್ಲಿ."

"ಗದ್ದೆನೇ ಹೋದ್ಮೇಲೆ ಕಪ್ಪೆ ಎಲ್ಲಿರುತ್ತೆ? ನಿನ್ನ ಅಡುಗೆಮನೇಲಾ?"

 

೪
ಒಂದು ಅಂತ್ಯ: ತೊಕುಜಿ ಹಲಗೆ ಎತ್ತಿದ. ಮೀಥೇನ್ ಇಳಿಯಿತು. ಕೊಕ್ಕರೆಗಳಿಗೆ ಹಬ್ಬ. (ಬರೆದ ಕೂಡಲೇ ಕಿಯೊನೊ ಕಥೆಯಿಂದ ಎದ್ದುಹೋದಳು. ಅಳಿಸಿ, ಕೈಕಾಲು ಹಿಡಿದು ಕರೆತಂದೆ.)

ಇನ್ನೊಂದು: ಅವಳು ಗೊದಮೊಟ್ಟೆಗಳನ್ನೆಲ್ಲ ಬಕೆಟ್ಟಿಗೆ ತುಂಬಿ ಕಾಲುವೆಗೆ ಬಿಟ್ಟಳು.

"ಮೇಷ್ಟ್ರೇ," ಎಂದಳು. ಪುಸ್ತಕ ಬರೆಯುವವರನ್ನು ಇಲ್ಲಿ ಹಾಗೇ ಕರೆಯುತ್ತಾರೆ, ಅರ್ಧ ಗೌರವ, ಅರ್ಧ ಗೇಲಿ. "ನಮ್ಮ ಕಾಲುವೆ ಸಿಮೆಂಟಿಂದು. ಒಳಗೆ ಬಿದ್ದ ಕಪ್ಪೆ ಹತ್ತಿ ಬರೋಕಾಗುತ್ತಾ? ನೀವು ನೋಡೇ ಇಲ್ವಾ?"

(ನೋಡಿದ್ದೆ. ದಣಿದಿದ್ದೆ, ಸುಲಭದ ಅಂತ್ಯ ಬೇಕಿತ್ತು.)

೫
"ಹಾಗಾದ್ರೆ ನೀವೇ ಹೇಳಿ ಅಕ್ಕ. ಹಲಗೆ ತೆಗೀಲಾ, ಬಿಡ್ಲಾ?"

"ನನ್ನ ಕೇಳ್ಬೇಡಿ. ತೆಗೆದ್ರೆ ಇವು ಸಾಯ್ತವೆ, ತೆಗೀದಿದ್ರೆ ಗದ್ದೆ ಸಾಯುತ್ತೆ. ಎರಡೂ ನನ್ನ ಕೈಯಿಂದ್ಲೇ ಯಾಕಾಗ್ಬೇಕು? ನಂಗೆ ಸಾಕಾಗಿದೆ. ಕಾರು ಓಡಿಸೋರು ಬಂದು ತೆಗೀಲಿ."

ನನಗೂ ಕಾರಿದೆ. ಹೋಗಿ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಕಥೇನ ಮುಗಿಸದೇ ಬಿಟ್ಬಿಡ್ತೀನಿ," ಎಂದೆ.

"ಬಿಡಿ. ನೀವು ಮುಗಿಸದಷ್ಟು ದಿನ ಕೆಸರಿಂದ ಗುಳ್ಳೆ ಏಳ್ತಾನೇ ಇರುತ್ತೆ."

೬
ಗೊತ್ತು. ನೀವು ಇದನ್ನು ಓದುತ್ತಿರುವಷ್ಟು ಹೊತ್ತೂ ಏಳುತ್ತಿವೆ. ನನಗೆ ಭಯವಾಗುತ್ತಿದೆ, ನಾಚಿಕೆಯೂ ಆಗುತ್ತಿದೆ, ಆದರೂ ಹಲಗೆಯ ಮೇಲಿಟ್ಟ ಕೈ ಮೇಲಕ್ಕೆ ಬರುತ್ತಿಲ್ಲ. ಈಗಷ್ಟೇ ಬಗ್ಗಿ ನೋಡಿದೆ. ಗೊದಮೊಟ್ಟೆಗಳಿಗೆ ಹಿಂಗಾಲು ಬಂದಿವೆ. ಮುಂಗಾಲು ಇನ್ನೂ ಬಂದಿಲ್ಲ.